ಸಾವಿನ ಸ್ಥಳ ಎಂಬ ಕಾಲಂ

ಸೇಂಟ್ ಜಾನ್ಸ್ ಬಂದರಿನ ದಫ್ತರಖಾನೆಯಲ್ಲಿ
ಹತ್ತೊಂಬತ್ತು ವರ್ಷದ ನೌಕರಿ ನನ್ನದು.
ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ:
ನೆಲದ ಮೇಲೆ ಸತ್ತವರು ಊರಿನ ಹೆಸರಲ್ಲಿ ಸಿಗುತ್ತಾರೆ,
ನೀರಲ್ಲಿ ಸತ್ತವರು ಹಡಗಿನ ಹೆಸರಲ್ಲಿ.
ಹಡಗು ಗೊತ್ತಿಲ್ಲವೆ? ಕೂತುಕೊಳ್ಳಿ. ಹೊತ್ತು ಹಿಡಿಯುತ್ತದೆ.

ಟ್ವಿಲಿಂಗೇಟಿನಿಂದ ಬಂದ ಡ್ರುಸಿಲ್ಲಾ ಮುದುಕಿ
ಕೂತಳು. ಮಾರನೇ ದಿನವೂ ಕೂತಳು.
ಬುತ್ತಿಯಲ್ಲಿ ಒಣಮೀನು, ಬ್ರೆಡ್ಡು; ಕೈಚೀಲದಲ್ಲಿ
ಅವಳಮ್ಮ ಪೆನ್ಸಿಲಲ್ಲಿ ಬರೆದಿಟ್ಟ ಚೀಟಿ:
'ಅಪ್ಪ, ಅಜರಾಯ ಪಿನ್. ಉಪ್ಪುಮೀನು ಹೇರಿಕೊಂಡು ಹೋದ.
ನನಗಾಗ ಎರಡು ವರ್ಷ.'
ಅಷ್ಟೆ.

ಊರ ಗುಡ್ಡದ ಗೋರಿಗಳ ಸಾಲಿನಲ್ಲಿ
ಅಜ್ಜಿ ಇದ್ದಾಳಂತೆ, ಅಜ್ಜಿಯ ಎರಡನೇ ಗಂಡ ಇದ್ದಾನಂತೆ,
ಮಧ್ಯೆ ಒಬ್ಬರು ಮಲಗುವಷ್ಟು ಹುಲ್ಲು.

ಗುಮಾಸ್ತರ ಕಿವಿಗಳನ್ನು ಮಾತ್ರ ನಂಬಬಾರದು.
ಪಿನ್ ಎಂದು ಹುಡುಕಿದೆವು, ಪೆನ್ ಎಂದು, ಪಿನ್ನಿ ಎಂದು;
ಫಿಲ್ಮಿನ ಸುರುಳಿ ತಿರುಗಿಸಿ ತಿರುಗಿಸಿ
ಹೆಬ್ಬೆರಳಿಗೆ ಜೋಮು.
ಎಷ್ಟು ಜನ! ಜ್ವರಕ್ಕೆ, ಮಂಜುಗಡ್ಡೆಗೆ, ಹಗ್ಗ ಜಾರಿದ್ದಕ್ಕೆ;
ಒಬ್ಬನ ಕಾರಣದ ಕಾಲಂನಲ್ಲಿ ಬರೀ 'ಕಾಣಲಿಲ್ಲ'.
(ನಮ್ಮ ಮನೆತನದವರು ಯಾವ ಪೆಟ್ಟಿಗೆಯಲ್ಲಿದ್ದಾರೆಂದು ಗೊತ್ತು.
ತೆಗೆದಿಲ್ಲ.)

ಮೂರನೇ ಮಧ್ಯಾಹ್ನ, ಹೊರಗೆ ಮಂಜಿನ ಕಹಳೆ ಕೂಗುತ್ತಿರುವಾಗ,
'ಹಾರ್ಬರ್ ಲಿಲಿ'ಯ ದಿನಚರಿಯಲ್ಲಿ ಸಿಕ್ಕ:
ಎಜರಾಯ ಪಾಯ್ನ್. ಇಪ್ಪತ್ತಾರು. ಟ್ವಿಲಿಂಗೇಟು.
ನಸುಕಿನಲ್ಲಿ ಹಾಯಿ ಸುತ್ತುವಾಗ ಬಿದ್ದದ್ದು.
ದೋಣಿ ಇಳಿಸಿದರು. ಅರ್ಧ ಗಂಟೆ.
ಸಾವಿನ ಸ್ಥಳ ಎಂಬ ಕಾಲಂನಲ್ಲಿ ಎರಡೇ ಅಂಕಿ:
ನಲವತ್ತೆಂಟು ಉತ್ತರ, ಮೂವತ್ತೊಂದು ಪಶ್ಚಿಮ.
'ಇದು ಯಾವ ಊರು?' ಅಂದಳು.
ಅಟ್ಲಾಸು ಬಿಡಿಸಿ ಬೆರಳಿಟ್ಟೆ. ನೀಲಿ.
ಬೆರಳು ತೆಗೆದೆ. ಅಲ್ಲೂ ನೀಲಿ.

ಬಿದ್ದ ದಿನಕ್ಕೇ ಸಂಬಳ ನಿಂತಿದೆ.
ಹೊಗೆಸೊಪ್ಪಿನ ಬಾಕಿ ಕಳೆದು ಎರಡು ಪೌಂಡು ಚಿಲ್ಲರೆ.
ಆಮೇಲೆ, ವಾಡಿಕೆಯಂತೆ, ಹಾಯಿಮರದ ಬುಡದಲ್ಲಿ ಹರಾಜು:
ಎಣ್ಣೆಕೋಟು ಅಡುಗೆಯವನಿಗೆ. ಬೂಟು ಬಡಗಿಗೆ.
ಬೈಬಲ್ಲಿಗೆ ಯಾರೂ ಕೂಗಲಿಲ್ಲ, ಕಪ್ತಾನ ಇಟ್ಟುಕೊಂಡ.
ತಿದಿಯ ಅಕಾರ್ಡಿಯನ್ ಒಂದು, ಗುಂಡಿಯೊಂದು ಕಿತ್ತದ್ದು,
ಹದಿನಾಲ್ಕು ಶಿಲ್ಲಿಂಗಿಗೆ
ಹಡಗಿನ ಹುಡುಗ ಎಲಿಯಾಜರ್ ಬಡ್ಜೆಲ್‌ಗೆ.

ಮುದುಕಿ ಕನ್ನಡಕ ತೆಗೆದಳು. ಒರೆಸಲಿಲ್ಲ. ಮತ್ತೆ ಹಾಕಿದಳು.
'ಎಲಿಯಾಜರ್ ನನ್ನಜ್ಜ. ಅಂದರೆ, ಎರಡನೆಯವನು.
ಆ ಪೆಟ್ಟಿಗೆ ಒಲೆಯ ಪಕ್ಕದ ಹಲಗೆ ಮೇಲಿತ್ತು.
ಭಾನುವಾರ ಭಾನುವಾರ ಒರೆಸುತ್ತಿದ್ದ,
ಒಂದು ದಿನ ನುಡಿಸಿದ್ದಿಲ್ಲ.
ಬಾರದ ವಾದ್ಯಕ್ಕೆ ದುಡ್ಡು ಸುರಿದ ದಡ್ಡ ಅಂತ
ನಾವು ಮಕ್ಕಳು ನಗುತ್ತಿದ್ದೆವು.
ಅಜ್ಜಿ ನಗುತ್ತಿರಲಿಲ್ಲ.'

ಹಡಗಿನ ಹುಡುಗನಿಗೆ ಹದಿನಾಲ್ಕು ಶಿಲ್ಲಿಂಗೆಂದರೆ
ಎಷ್ಟು ದಿನದ ದುಡಿಮೆ ಎಂದು ನಾನು ಹೇಳಲಿಲ್ಲ.
ಲೆಕ್ಕ ಅವಳಿಗೂ ಬರುತ್ತದೆ.

ಝೆರಾಕ್ಸು ಮಾಡಿ ಕೊಟ್ಟೆ. ಇಪ್ಪತ್ತು ಸೆಂಟು.
ಎದ್ದವಳು ಮತ್ತೆ ಕೂತಳು:
'ಹಿಂದಿನ ಪುಟ ಇದೆಯಾ? ಅವನು ಇದ್ದಾಗಿನದು?'
ಇದನ್ನು ಯಾರೂ ಕೇಳುವುದಿಲ್ಲ.
ಸತ್ತ ಪುಟ ಸಿಕ್ಕರೆ ಸಾಕು, ಬಸ್ಸು ಹಿಡಿಯುತ್ತಾರೆ.

ಸುರುಳಿ ಹಿಂದಕ್ಕೆ ತಿರುಗಿಸಿದೆ.
ಒಂಬತ್ತು ದಿನ ಹಿಂದೆ, ಅದೇ ಓರೆ ಅಕ್ಷರ:
'ರಾತ್ರಿ ಪಾಳಿಯಲ್ಲಿ ವಾದ್ಯ ನುಡಿಸಿದ್ದಕ್ಕೆ
ಪಾಯ್ನ್‌ಗೆ ಎರಡು ಶಿಲ್ಲಿಂಗು ದಂಡ.
ಓದಿ ಹೇಳಲಾಯಿತು. ಅವನ ಉತ್ತರ:
ನುಡಿಸದಿದ್ದರೆ ನಿದ್ದೆ ಹತ್ತುತ್ತಿತ್ತು, ಸ್ವಾಮಿ.'

ಸದ್ದು ಮಾಡಬಾರದೆಂದು ಫಲಕ ತೂಗುವ ಕೋಣೆಯಲ್ಲಿ
ಅವಳದನ್ನು ಗಟ್ಟಿಯಾಗಿ ಓದಿದಳು,
ಟ್ವಿಲಿಂಗೇಟಿನ ರಾಗದಲ್ಲಿ.
ಇನ್ನೊಂದು ಸಲ ಓದಿದಳು.
ಪಕ್ಕದ ಮೇಜಿನವರು ನನ್ನ ಮುಖ ನೋಡಿದರು.
ನಾನು ಫಲಕ ತೋರಿಸಲಿಲ್ಲ.